ಮಂಡಿಪೇಟೆಗೆಲ್ಲ ಒಂದೇ ಬೀಗದ ಕೈ

ಮಾನ್ಯ ಸಂಪಾದಕರೆ,

ನಾನು ಗುಬ್ಬಿಯವನು. ತುಮಕೂರಿನ ಮಂಡಿಪೇಟೆ ಮತ್ತು ಅದರ ಸುತ್ತಮುತ್ತ ಏಳು ಅಂಗಡಿಗಳ ಲೆಕ್ಕ ಬರೆಯುತ್ತೇನೆ. ಎರಡು ಬೇಳೆಕಾಳಿನ ಮಂಡಿ, ಒಂದು ಹುಣಸೆಹಣ್ಣಿನ ವ್ಯಾಪಾರ, ಒಂದು ಹಾರ್ಡ್‌ವೇರ್, ಒಂದು ಪಾತ್ರೆ ಅಂಗಡಿ, ಒಂದು ಬಟ್ಟೆ ಅಂಗಡಿ, ಒಂದು ಎಣ್ಣೆ ಮಿಲ್ಲು. ನಾನು ಆಡಿಟರ್ ಅಲ್ಲ. ಕಾಗದ ಆಡಿಟರ್ ಹತ್ತಿರ ಹೋಗುವ ಮುಂಚೆ ಯಾರ ಕೈಯಲ್ಲಿರುತ್ತದೋ ಆ ಮನುಷ್ಯ. ಬಿ.ಕಾಂ. ಮುಗಿಸಿದಂದಿನಿಂದ ಇದೇ ಕೆಲಸ, ಈಗ ವಯಸ್ಸು 58.

ಕಳೆದ ತಿಂಗಳು 19ನೇ ತಾರೀಖು ರಾತ್ರಿ ನಡೆದದ್ದನ್ನು ಮೊದಲು ಹೇಳುತ್ತೇನೆ. ತಿಂಗಳ ಜಿಎಸ್‌ಟಿ ಲೆಕ್ಕವಾದ ಜಿಎಸ್‌ಟಿಆರ್-3ಬಿ ಸಲ್ಲಿಸಲು 20 ಕಡೇ ದಿನ. ನಮ್ಮಂಥವರ ಮನೆಯಲ್ಲಿ 19ರ ರಾತ್ರಿ ಎಂದರೆ ಮುದ್ದೆ ಆರಿ ಕಲ್ಲಾಗುವ ರಾತ್ರಿ. ನಡುಮನೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ಇಪ್ಪತ್ತು ಕಿಲೋಮೀಟರ್ ಆಚೆ ತುಮಕೂರಿನಲ್ಲಿರುವ ಹಾರ್ಡ್‌ವೇರ್ ಅಂಗಡಿಯ ಕಂಪ್ಯೂಟರನ್ನು ಇಂಟರ್ನೆಟ್ ಮೂಲಕ ತೆರೆದು ಕೂತಿದ್ದೆ. ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರಿನಲ್ಲಿರುವ ಖರೀದಿಯನ್ನು, ಮಾರಿದವರು ತೋರಿಸಿದ ಬಿಲ್ಲುಗಳ ಸರ್ಕಾರಿ ಪಟ್ಟಿಯಾದ 2ಬಿಯೊಂದಿಗೆ ತಾಳೆ ನೋಡುತ್ತಿದ್ದೆ. ಬೆಂಗಳೂರಿನಿಂದ ಬಂದ ಪೈಪಿನ ಬಿಲ್ಲೊಂದು ಪಟ್ಟಿಯಲ್ಲಿ ಇರಲಿಲ್ಲ. ಹೆಂಡತಿ ಮಜ್ಜಿಗೆ ತಂದುಕೊಟ್ಟಳು. ಲೋಟ ತೆಗೆದುಕೊಳ್ಳಲು ಮೌಸ್ ಬಿಟ್ಟೆ.

ಲೋಟ ನನ್ನ ಕೈಯಲ್ಲಿದೆ, ಪರದೆಯ ಮೇಲೆ ಬಾಣ ಓಡಾಡುತ್ತಿದೆ.

ಮೊದಲು ಮೌಸ್ ಕೆಟ್ಟಿತೆಂದುಕೊಂಡೆ. ಕೆಟ್ಟ ಮೌಸ್ ನಡುಗುತ್ತದೆ, ಇದು ನಡುಗುತ್ತಿರಲಿಲ್ಲ. ಟ್ಯಾಲಿಯನ್ನು ಕೆಳಗಿಳಿಸಿತು, ಡಿ ಡ್ರೈವ್ ತೆರೆಯಿತು, ಡೇಟಾ ಫೋಲ್ಡರ್ ಮೇಲೆ ನಿಂತಿತು, ಕಾಪಿ ಕೊಟ್ಟಿತು. ಎಲ್ಲಿ ಏನಿದೆ ಎಂದು ಗೊತ್ತಿರುವವರ ನಡಿಗೆ ಅದು. ನನ್ನ ಅಂಗೈ ಬೆವೆತಿತು. ಸಾಹುಕಾರರಿಗೆ ಫೋನ್ ಮಾಡಿ, “ಸಾವ್ಕಾರ್ರೇ, ಅಂಗಡೀಲಿ ಯಾರಾದ್ರೂ ಇದಾರಾ?” ಎಂದೆ. “ಷಟರ್ ಎಳೆದು ಒಂದು ಗಂಟೆ ಆಯ್ತಲ್ಲ ಸ್ವಾಮಿ, ಯಾಕೆ?” ಎಂದರು. ಅವರ ಮನೆ ಅಂಗಡಿಯ ಮೇಲೆಯೇ. ನೆಟ್ ವೈರ್ ಕೀಳಿ ಎಂದು ನಾನು ಕೂಗಿಕೊಂಡರೆ ಅವರು ಕೆಳಗಿಳಿದು ಬಂದು ಮೇನ್ ಸ್ವಿಚ್ಚನ್ನೇ ಎಳೆದರು. ಕಂಪ್ಯೂಟರಿಗೆ ಯುಪಿಎಸ್ ಇತ್ತು, ಅದು ಕುಂಯ್ ಕುಂಯ್ ಎನ್ನುತ್ತ ನಡೆಯುತ್ತಲೇ ಇತ್ತಂತೆ. ಪುಣ್ಯಕ್ಕೆ ರೂಟರ್‌ಗೆ ಯುಪಿಎಸ್ ಕೊಟ್ಟಿರಲಿಲ್ಲ. ನನ್ನ ಪರದೆಯ ಮೇಲೆ ಸಂಪರ್ಕ ಕಡಿದಿದೆ ಎಂಬ ಒಕ್ಕಣೆ ಬಂತು. ಆ ರಾತ್ರಿ ಗುಬ್ಬಿಯಲ್ಲಿ ನಾನೂ ತುಮಕೂರಿನಲ್ಲಿ ಅವರೂ ನಿದ್ದೆ ಮಾಡಲಿಲ್ಲ.

ಬೆಳಿಗ್ಗೆ ಮೊದಲ ಬಸ್ಸಿಗೆ ಹೊರಟು ಹೋಗಿ ಷಟರ್ ಎತ್ತಿಸಿದೆ. ಒಂದು ರೂಪಾಯಿ ಹೋಗಿರಲಿಲ್ಲ. ಒಂಬತ್ತು ಗಂಟೆಗೆ ಕಂಪ್ಯೂಟರ್ ಸರ್ವಿಸ್ ಹುಡುಗನ ಫೋನ್ ಬಂತು. “ಸಾರ್, ರಾತ್ರಿ ನಿಮ್ಮಲ್ಲಿ ಕರೆಂಟ್ ಹೋಯ್ತಾ? ಅಪ್‌ಡೇಟ್ ಹಾಕೋ ಮುಂಚೆ ಡೇಟಾ ಬ್ಯಾಕಪ್ ತಗೋತಿದ್ದೆ, ಅರ್ಧಕ್ಕೇ ನಿಂತ್ಹೋಯ್ತು. ಹಗಲು ನೀವು ಬಿಲ್ ಹಾಕ್ತಿರ್ತೀರಿ ಅಂತ ರಾತ್ರಿ ಬಂದಿದ್ದೆ.”

“ಬಂದಿದ್ದೆ” ಎಂದ ಅವನು. ಷಟರ್ ಎತ್ತದೆ, ಸಾಹುಕಾರರಿಗೆ ಹೇಳದೆ, ಬಂದಿದ್ದ. ಹುಡುಗ ಕೆಟ್ಟವನಲ್ಲ, ಕೆಲಸ ಶ್ರದ್ಧೆಯಿಂದ ಮಾಡುವವನು. ಬೈಯಲು ಹೋದವನು, “ದೂರದಿಂದ ಒಳಗೆ ಬರೋ ಈ ಪಾಸ್‌ವರ್ಡ್ ಯಾರಿಟ್ಟಿದ್ದು?” ಎಂದಷ್ಟೇ ಕೇಳಿದೆ. “ನಾವೇ ಸಾರ್, ಸಾಫ್ಟ್‌ವೇರ್ ಹಾಕಿದ ದಿನವೇ.” “ಬೇರೆ ಅಂಗಡಿಗಳಿಗೆ?” “ಎಲ್ಲಕ್ಕೂ ಅದೇ. ನಲವತ್ತು ಅಂಗಡಿ ಇದಾವೆ ಸಾರ್, ಒಂದೊಂದಕ್ಕೆ ಒಂದೊಂದು ಇಟ್ರೆ ನೆನಪಿಟ್ಕೊಳ್ಳೋಕೆ ಆಗುತ್ತಾ?”

ಮಂಡಿಪೇಟೆಯಲ್ಲಿ ಷಟರ್‌ಗೆ ಎರಡು ಬೀಗ ಹಾಕದ ಅಂಗಡಿ ಇಲ್ಲ. ಬೀಗ ಹಾಕಿದ ಮೇಲೆ ಜಗ್ಗಿ ನೋಡುತ್ತಾರೆ, ನಾಲ್ಕು ಹೆಜ್ಜೆ ಹೋಗಿ ವಾಪಸ್ ಬಂದು ಮತ್ತೊಮ್ಮೆ ಜಗ್ಗುತ್ತಾರೆ. ಒಳಗೆ ಮೇಜಿನ ಮೇಲಿರುವ ಕಂಪ್ಯೂಟರಿಗೆ ಮಾತ್ರ ನಲವತ್ತು ಅಂಗಡಿಗೂ ಸೇರಿ ಒಂದೇ ಬೀಗದ ಕೈ. ಅದು ಈ ಹುಡುಗನ ಹತ್ತಿರ ಇದೆ, ಇವನಿಗೆ ಮುಂಚೆ ಕೆಲಸದಲ್ಲಿದ್ದು ಬಿಟ್ಟುಹೋದವನ ಹತ್ತಿರವೂ ಇದೆ. ಅವನು ಈಗ ಎಲ್ಲಿದ್ದಾನೋ ಯಾರಿಗೂ ಗೊತ್ತಿಲ್ಲ.

ಹಾಗಾದರೆ ದೂರದಿಂದ ಕಂಪ್ಯೂಟರ್ ತೆರೆಯುವ ಈ ಸೌಲಭ್ಯವೇ ಬೇಡ, ತೆಗೆದುಹಾಕಿ ಎನ್ನುವವರಿದ್ದಾರೆ. ಅವರು ಲೆಕ್ಕ ಬರೆಯುವವರಲ್ಲ. 2020ರ ಮಾರ್ಚ್ 25ರಿಂದ ಲಾಕ್‌ಡೌನ್ ಬಿತ್ತಲ್ಲ, ಹುಣಸೆ ಸುಗ್ಗಿಯ ಲೆಕ್ಕವೆಲ್ಲ ತುಮಕೂರಿನ ಕಂಪ್ಯೂಟರಿನಲ್ಲಿ, ನಾನು ಗುಬ್ಬಿಯಲ್ಲಿ. ಅಕ್ಕನ ಮಗ ಫೋನಿನಲ್ಲೇ ಹೇಳಿಕೊಟ್ಟು ಈ ಪ್ರೋಗ್ರಾಮ್ ಹಾಕಿಸಿದ. ಅಂಗಡಿಯ ಮೇಲಿನ ಮನೆಯವರು ಇಳಿದು ಹೋಗಿ ಕಂಪ್ಯೂಟರ್ ಆನ್ ಮಾಡಿ, ಪರದೆಯ ಮೇಲೆ ಬಂದ ಒಂಬತ್ತು ಅಂಕಿಯನ್ನು ಓದಿ ಹೇಳಿದರು. ಆ ಅಂಕಿ ಒತ್ತಿದ ಕೂಡಲೇ ಅವರ ಪರದೆ, ಅದರ ಮೇಲಿದ್ದ ಮಂಡಿಯ ದೇವರ ಫೋಟೋ ಸಮೇತ, ನನ್ನ ಮನೆಯಲ್ಲಿ ತೆರೆದುಕೊಂಡಿತು. ಆ ದಿನ ನಾನು ಕೈ ಮುಗಿದದ್ದು ದೇವರಿಗೋ ಆ ಪ್ರೋಗ್ರಾಮಿಗೋ ಹೇಳಲಾರೆ. ಮಂಡಿನೋವು ಬಂದ ಮೇಲಂತೂ ವಾರಕ್ಕೆ ಎರಡೇ ದಿನ ಬಸ್ಸು ಹತ್ತುತ್ತೇನೆ, ಮಿಕ್ಕಿದ್ದೆಲ್ಲ ಹೀಗೇ.

ಇದು ಹೇಗೆ ನಡೆಯುತ್ತದೆ ಎಂದು ಸಾಹುಕಾರರು ಕೇಳಿದಾಗ ನಾನು ಹೇಳುವುದು ಇಷ್ಟು. ಹೊರಗಿನಿಂದ ನೇರವಾಗಿ ಅಂಗಡಿಯ ಕಂಪ್ಯೂಟರಿಗೆ ಹೋಗಲು ಸಾಮಾನ್ಯವಾಗಿ ದಾರಿ ಇರುವುದಿಲ್ಲ. ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸಗಳು ಇಡೀ ಪ್ರಪಂಚಕ್ಕೆ ಸೇರಿ ಇರುವುದೇ ಸುಮಾರು 429 ಕೋಟಿ. ಸಾಲದ್ದಕ್ಕೆ ಅನೇಕ ಕಡೆ ನೆಟ್ ಕೊಡುವವರು ಹತ್ತಾರು ಮನೆ ಅಂಗಡಿಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸುತ್ತಾರೆ, ವಠಾರದ ಎಲ್ಲ ಮನೆಗೂ ಒಂದೇ ಬಾಗಿಲ ನಂಬರ್ ಇದ್ದಂತೆ. ಅದಕ್ಕೇ ಅಂಗಡಿಯ ಕಂಪ್ಯೂಟರ್ ತಾನೇ ಹೊರಗೆ ಹೋಗಿ, ಆ ಪ್ರೋಗ್ರಾಮಿನ ಕಂಪನಿಯ ಸರ್ವರ್ ಹತ್ತಿರ “ನಾನಿಲ್ಲಿದ್ದೇನೆ” ಎಂದು ಹೇಳಿ ಕಾಯುತ್ತ ನಿಂತಿರುತ್ತದೆ. ನನ್ನ ಲ್ಯಾಪ್‌ಟಾಪೂ ಅಲ್ಲಿಗೇ ಹೋಗುತ್ತದೆ. ಇಬ್ಬರನ್ನೂ ಜೋಡಿಸುವುದು ಆ ಅಂಕಿ. ಜೋಡಿಸಿದ ಮೇಲೆ ಆ ಕಡೆಯವರು “ಒಪ್ಪಿಗೆ” ಎಂದು ಒತ್ತಬೇಕು. ಅಂಗಡಿ ಮುಚ್ಚಿದಾಗ ಒತ್ತುವವರು ಯಾರು? ಅದಕ್ಕೆಂದೇ ಒಂದು ಕಾಯಂ ಪಾಸ್‌ವರ್ಡ್ ಇಡಬಹುದು. ಅದಿದ್ದರೆ ಯಾರನ್ನೂ ಕೇಳಬೇಕಿಲ್ಲ. ನಾನು ಬೀಗದ ಕೈ ಎನ್ನುತ್ತಿರುವುದು ಇದನ್ನೇ.

ಕರೆಂಟಿನ ಕಥೆಯೂ ಇದೆ. ಕಂಪ್ಯೂಟರ್ ಆನ್ ಇರದಿದ್ದರೆ ಇವೆಲ್ಲ ಯಾವುದೂ ಇಲ್ಲ. ಭಾನುವಾರ ಮಧ್ಯಾಹ್ನ ಕರೆಂಟ್ ಹೋಗಿ ಯುಪಿಎಸ್ ಬ್ಯಾಟರಿ ಇಳಿದು ಆರಿಹೋದರೆ ಸೋಮವಾರ ಅಂಗಡಿ ಹುಡುಗ ಗುಂಡಿ ಒತ್ತುವವರೆಗೂ ನಾನು ಕೈಕಟ್ಟಿ ಕೂರಬೇಕಿತ್ತು. ಬಯಾಸ್ ಎಂಬ ಒಳಮನೆಯಲ್ಲಿ, ಕರೆಂಟ್ ಬಂದ ಕೂಡಲೇ ತಾನೇ ಏಳು ಎನ್ನುವ ಒಂದು ಸೆಟ್ಟಿಂಗ್ ಇದೆ. ಅದನ್ನು ಮಾಡಿಸಿದ ಮೇಲೆ ಈ ತೊಂದರೆ ತಪ್ಪಿತು. ತಪ್ಪಿತು ಎಂದು ಖುಷಿಪಟ್ಟೆ. ಅಂದರೆ ಏಳೂ ಅಂಗಡಿಗಳ ಬಾಗಿಲು ಹಗಲೂ ರಾತ್ರಿ ಹಬ್ಬದ ದಿನವೂ ಯಾರಿಗಾಗಿಯೋ ಕಾಯುತ್ತಿರುವಂತೆ ಮಾಡಿದವನೂ ನಾನೇ ಎಂದು ಆಗ ಹೊಳೆಯಲಿಲ್ಲ.

ಆ ಘಟನೆಯ ಮರುವಾರ ಏಳೂ ಅಂಗಡಿಗಳನ್ನು ಒಂದೊಂದಾಗಿ ನೋಡಿಬಂದೆ. ಐದರಲ್ಲಿ ಅದೇ ಪಾಸ್‌ವರ್ಡ್. ಪಾತ್ರೆ ಅಂಗಡಿಯ ಕಂಪ್ಯೂಟರಿನಲ್ಲಿ ಇಂಥ ಪ್ರೋಗ್ರಾಮ್‌ಗಳು ಮೂರು ಸಿಕ್ಕವು. ಒಂದು ನನ್ನದು, ಒಂದು ಸರ್ವಿಸ್‌ನವರದು. ಮೂರನೆಯದನ್ನು ಹಾಕಿದ್ದು ಯಾರು, ಯಾವಾಗ ಎಂದು ಮಾಲೀಕರಿಗೂ ಗೊತ್ತಿಲ್ಲ, ಅವರ ಮಗನಿಗೂ ಗೊತ್ತಿಲ್ಲ. ಪ್ರಿಂಟರ್ ಕೆಟ್ಟಾಗ ಯಾರೋ ಫೋನಿನಲ್ಲೇ ರಿಪೇರಿ ಮಾಡಿಕೊಟ್ಟಿದ್ದರಂತೆ, ಅವರಿರಬಹುದು ಎಂದರು. ಪ್ರಿಂಟರ್ ಸರಿಹೋಯಿತು, ರಿಪೇರಿಯವರು ಹೋಗಲಿಲ್ಲ.

ಎಣ್ಣೆ ಮಿಲ್ಲಿನವರು ಮಕ್ಕಳೊಂದಿಗೆ ಸೇರಿ ಪ್ರೈವೇಟ್ ಲಿಮಿಟೆಡ್ ಮಾಡಿಕೊಂಡಿದ್ದಾರೆ. ಹಾಗಾಗಿ ಜಿಎಸ್‌ಟಿ ಸಲ್ಲಿಸಲು ಅವರಿಗೆ ಬರೀ ಓಟಿಪಿ ಸಾಲದು, ಡಿಜಿಟಲ್ ಸಹಿ ಬೇಕು. ಆ ಸಹಿ ಇರುವುದು ಹೆಬ್ಬೆರಳು ಗಾತ್ರದ ಯುಎಸ್‌ಬಿ ಟೋಕನ್‌ನಲ್ಲಿ. ಅದನ್ನು ಕಂಪ್ಯೂಟರಿನ ಹಿಂಬದಿಗೆ ಚುಚ್ಚಿದವರು ವರ್ಷವಾದರೂ ಕಿತ್ತಿಲ್ಲ. ಮಾನಿಟರ್ ಅಂಚಿಗೆ ಅಂಟಿಸಿದ ಚೀಟಿಯಲ್ಲಿ ಅದರ ಪಿನ್. ಇಲ್ಲಿ ನಮ್ಮ ಕಸುಬಿನವರಿಗೆ ಮಾತ್ರ ಗೊತ್ತಿರುವ ಒಂದು ಸೂಕ್ಷ್ಮ ಇದೆ. ವಿಂಡೋಸ್ ಜೊತೆಗೇ ಬರುವ ರಿಮೋಟ್ ಡೆಸ್ಕ್‌ಟಾಪ್ ಮೂಲಕ ಹೋದರೆ, ಆ ಕಡೆ ಚುಚ್ಚಿಟ್ಟ ಟೋಕನ್ ಕಣ್ಣಿಗೆ ಬೀಳುವುದಿಲ್ಲ. ಅದು ನಮ್ಮ ಕಡೆ ಇರುವ ಟೋಕನ್ನನ್ನು ಹುಡುಕುತ್ತದೆ. ಅಂಕಿ ಒತ್ತಿ ಹೋಗುವ ಪ್ರೋಗ್ರಾಮ್‌ಗಳಲ್ಲಿ ಹಾಗಲ್ಲ, ಅಲ್ಲೇ ಕುರ್ಚಿಯಲ್ಲಿ ಕೂತಂತೆಯೇ, ಟೋಕನ್ ಸಿಗುತ್ತದೆ. ರಿಮೋಟ್ ಡೆಸ್ಕ್‌ಟಾಪಿಗೆ ಎಷ್ಟು ಸಲ ಶಾಪ ಹಾಕಿದ್ದೆನೋ! ಈಗ ಯೋಚಿಸಿದರೆ ಯಾರು ಕೂತಿದ್ದಾರೆಂದು ನೋಡದೆ ಸಹಿ ಹಾಕಿಕೊಡುವುದೇ ಭಯದ ವಿಷಯ. ಕಂಪನಿಯ ಪರವಾಗಿ ಆ ಮಿಲ್ಲಿನ ಸಹಿಯನ್ನು ಯಾರು ಬೇಕಾದರೂ ರಾತ್ರಿ ಎರಡು ಗಂಟೆಗೆ ಹಾಕಬಹುದಿತ್ತು.

ಅದೇ ಮಿಲ್ಲಿನಲ್ಲಿ ಇನ್ನೂ ವಿಂಡೋಸ್ 7 ಇದೆ. 2020ರ ಜನವರಿ 14ಕ್ಕೇ ಅದರ ದುರಸ್ತಿ ನಿಂತಿತು. ಗಟ್ಟಿ ಇದೆ, ಓಡುತ್ತೆ ಎನ್ನುತ್ತಾರೆ. ಅವರ ಅಂಬಾಸಿಡರ್ ಕಾರೂ ಹಾಗೆಯೇ.

ಹುಣಸೆಹಣ್ಣಿನವರದು ಇನ್ನೊಂದು ಬಗೆ. ಮಗ ಬೆಂಗಳೂರಿನಲ್ಲಿ ಇದ್ದಾನೆ, ಅಲ್ಲಿಂದ ಸ್ಟಾಕ್ ನೋಡಬೇಕು. ಯಾರೋ ಬುದ್ಧಿವಂತರು ದುಡ್ಡು ಕಟ್ಟಿಸಿ ಸ್ಥಿರ ವಿಳಾಸ ತೆಗೆಸಿ, ರೂಟರ್‌ನಲ್ಲಿ 3389ನೇ ಪೋರ್ಟ್ ತೆರೆದಿಟ್ಟು ಹೋಗಿದ್ದಾರೆ. ರಿಮೋಟ್ ಡೆಸ್ಕ್‌ಟಾಪ್ ಕಿವಿಗೊಟ್ಟು ಕೂರುವುದು ಆ ಪೋರ್ಟಿನಲ್ಲಿ, ಕಳ್ಳರು ಮೊದಲು ತಟ್ಟಿನೋಡುವ ಬಾಗಿಲುಗಳಲ್ಲಿ ಅದೂ ಒಂದು. 2019ರ ಮೇ ತಿಂಗಳಲ್ಲಿ ಬ್ಲೂಕೀಪ್ ಎಂಬ ದೋಷ ಸಿಕ್ಕಿದ್ದು ಇದೇ ಸೇವೆಯಲ್ಲಿ. ಪಾಸ್‌ವರ್ಡ್ ಇಲ್ಲದೆಯೂ ಒಳನುಗ್ಗಬಹುದಾಗಿದ್ದ ದೋಷ ಅದು. ಕೈಬಿಟ್ಟು ಐದು ವರ್ಷವಾಗಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್‌ನವರು ತೇಪೆ ಬಿಡುಗಡೆ ಮಾಡಿದರು ಎಂದರೆ ಎಷ್ಟು ಹೆದರಿದ್ದರೋ ಲೆಕ್ಕ ಹಾಕಿ. ಹೀಗೆ ಒಳಗೆ ಬಂದವರು ಕದಿಯಬೇಕೆಂದೇನೂ ಇಲ್ಲ, ಲೆಕ್ಕದ ಕಡತಗಳಿಗೆಲ್ಲ ತಮ್ಮ ಬೀಗ ಜಡಿದು ದುಡ್ಡು ಕೇಳುತ್ತಾರೆ. ಪೋರ್ಟ್ ಮುಚ್ಚಿಸಿ, ಮಗನಿಗೆ ವಿಪಿಎನ್, ಅಂದರೆ ಗುರುತು ತೋರಿಸಿದವರಿಗೆ ಮಾತ್ರ ತೆರೆಯುವ ಖಾಸಗಿ ದಾರಿ, ಮಾಡಿಸಿದೆ. ಅದಕ್ಕೆ ಒಂದು ಭಾನುವಾರ ಪೂರ್ತಿ ಹೋಯಿತು.

ಇಷ್ಟೆಲ್ಲ ಬೇರೆಯವರ ಹುಳುಕು. ನನ್ನದನ್ನೂ ಹೇಳದಿದ್ದರೆ ಈ ಪತ್ರ ಸುಳ್ಳಾಗುತ್ತದೆ.

ನನ್ನ ಲ್ಯಾಪ್‌ಟಾಪಿನ ಪಟ್ಟಿಯಲ್ಲಿ ಅಂಗಡಿಗಳ ಹೆಸರಿನ ಪಕ್ಕ ಒಂದೊಂದು ಚುಕ್ಕೆ ಇರುತ್ತದೆ. ಕಂಪ್ಯೂಟರ್ ಆನ್ ಇದ್ದರೆ ಹಸಿರು. ಏಳು ಅಂಗಡಿ ಎಣಿಸಿಕೊಂಡು ಹೋದವನಿಗೆ ಎಂಟು ಚುಕ್ಕೆ ಕಂಡವು. ಎಂಟನೆಯದು ಅಶೋಕ ರಸ್ತೆಯ ಒಂದು ಅಂಗಡಿ. ಅವರ ಲೆಕ್ಕ ಬಿಟ್ಟು ಎರಡು ವರ್ಷವಾಗಿತ್ತು. ಮನಸ್ತಾಪವೇನಿಲ್ಲ, ಅವರ ಅಳಿಯ ತಾನೇ ನೋಡಿಕೊಳ್ಳುತ್ತೇನೆಂದ, ಬಿಟ್ಟುಕೊಟ್ಟೆ. ಚುಕ್ಕೆ ಹಸಿರಾಗಿತ್ತು. ಒಮ್ಮೆ ಒತ್ತಿದ್ದರೆ ಅವರ ಈ ವರ್ಷದ ವ್ಯಾಪಾರ, ಯಾರಿಗೆ ಎಷ್ಟು ಸಾಲ ಬಾಕಿ, ಬ್ಯಾಂಕಿನಲ್ಲಿ ಎಷ್ಟಿದೆ ಎಲ್ಲ ನನ್ನ ನಡುಮನೆಗೆ ಬರುತ್ತಿತ್ತು. ಒತ್ತಲಿಲ್ಲ. ಆದರೆ ಒತ್ತುವ ಮನಸ್ಸು ಬರಲೇ ಇಲ್ಲ ಎಂದರೆ ನನ್ನ ಹೆಂಡತಿಯೇ ನಂಬುವುದಿಲ್ಲ.

ಮರುದಿನ ಹೋಗಿ ಅವರ ಮುಂದೆ ಕೂತು ವಿಷಯ ಹೇಳಿದೆ. ಕಾಫಿ ತರಿಸಿದ್ದರು, ಲೋಟ ಕೆಳಗಿಟ್ಟರು. “ಹಂಗಾದ್ರೆ ಎರಡು ವರ್ಷದಿಂದ ನೀವು ನಮ್ಮಂಗಡಿ ಒಳಗೇ ಇದ್ರಾ ಸ್ವಾಮಿ?” ಎಂದರು. ನಗುತ್ತಲೇ ಕೇಳಿದರು, ಆದರೆ ಆ ನಗು ಕಣ್ಣಿಗೆ ಹೋಗಿರಲಿಲ್ಲ. ಇಲ್ಲ ಎಂದೆ. ನನ್ನ ಮಾತಿಗೆ ಸಾಕ್ಷಿ ಏನು? ಪುಣ್ಯಕ್ಕೆ ಆ ಪ್ರೋಗ್ರಾಮ್ ಯಾರು ಯಾವ ದಿನ ಎಷ್ಟು ಹೊತ್ತಿಗೆ ಬಂದರೆಂದು ಅಂಗಡಿಯ ಕಂಪ್ಯೂಟರಿನಲ್ಲೇ ಒಂದು ಕಡತದಲ್ಲಿ ಬರೆದಿಡುತ್ತದೆ. ಅಳಿಯನನ್ನು ಕರೆಸಿ ಅದನ್ನು ತೆಗೆಸಿದೆ. ನನ್ನ ಹೆಸರಿನ ಕೊನೆಯ ಸಾಲು ಲೆಕ್ಕ ಬಿಟ್ಟ ವಾರದ್ದೇ. ಅವರ ಎದುರಿಗೇ ಪಾಸ್‌ವರ್ಡ್ ಬದಲಾಯಿಸಿ, ನನ್ನ ಪಟ್ಟಿಯಿಂದ ಅವರ ಹೆಸರು ಅಳಿಸಿದೆ. ನನ್ನ ತಂದೆ ಇದೇ ಪೇಟೆಯಲ್ಲಿ ಗುಮಾಸ್ತರಾಗಿದ್ದರು. ಒಂದು ಮಂಡಿ ಬಿಟ್ಟ ದಿನ ಕಬ್ಬಿಣದ ಪೆಟ್ಟಿಗೆಯ ಬೀಗದ ಕೈಯನ್ನು ಎಲೆ ಅಡಿಕೆ ತಟ್ಟೆಯಲ್ಲಿಟ್ಟು ಸಾಹುಕಾರರ ಕೈಗೆ ಕೊಟ್ಟು ಬಂದಿದ್ದರು. ನಾನು ಎರಡು ವರ್ಷ ತಡ ಮಾಡಿದೆ.

ಸರ್ಕಾರ, ಬ್ಯಾಂಕು, ಪತ್ರಿಕೆಗಳು ಈ ವಿಷಯದಲ್ಲಿ ಎಚ್ಚರಿಸಿಲ್ಲ ಎಂದಲ್ಲ. ಎನಿಡೆಸ್ಕ್ ಎಂಬ ಇಂಥದೇ ಪ್ರೋಗ್ರಾಮ್ ಹಾಕಿಸಿ ಯುಪಿಐ ಮೂಲಕ ದುಡ್ಡು ಲಪಟಾಯಿಸುತ್ತಾರೆ ಎಂದು ರಿಸರ್ವ್ ಬ್ಯಾಂಕ್ 2019ರ ಫೆಬ್ರುವರಿಯಲ್ಲೇ ಬ್ಯಾಂಕುಗಳಿಗೆ ತಿಳಿಸಿತ್ತು. ದುಡ್ಡು ಹೋದ ತಕ್ಷಣ 1930ಕ್ಕೆ ಕರೆ ಮಾಡಿ ಎಂಬುದನ್ನು ಫೋನ್ ರಿಂಗಾಗುವ ಮುಂಚೆಯೇ ಕೆಲಕಾಲ ಕೇಳಿಸುತ್ತಿದ್ದರು. ಬೇಕು, ಒಳ್ಳೆಯದೇ. ಆದರೆ ಆ ಎಚ್ಚರಿಕೆಯೆಲ್ಲ ಅಪರಿಚಿತರ ಬಗ್ಗೆ. ಗುರುತಿಲ್ಲದವನು ಫೋನ್ ಮಾಡಿ ಅಂಕಿ ಕೇಳಿದರೆ ನಮ್ಮ ಸಾಹುಕಾರರು ಈಗ ಇಟ್ಟುಬಿಡುತ್ತಾರೆ. ಗುರುತಿರುವವನು ಎದುರು ಬಂದು ಕಾಫಿ ಕುಡಿದು ಪಾಸ್‌ವರ್ಡ್ ಇಟ್ಟುಹೋದರೆ ಕೇಳುವ ಅಭ್ಯಾಸವೇ ನಮಗಿಲ್ಲ. ಕೇಳಿದರೆ ನಂಬಿಕೆ ಇಲ್ಲವೆಂದಾಗುತ್ತದೆ ಎಂಬ ಸಂಕೋಚ ಬೇರೆ. ಪ್ರೋಗ್ರಾಮಿನ ಕಂಪನಿಯೂ ಎಡವುತ್ತದೆ. 2024ರ ಫೆಬ್ರುವರಿಯಲ್ಲಿ ಎನಿಡೆಸ್ಕ್‌ನವರೇ ತಮ್ಮ ಸರ್ವರ್‌ಗಳಿಗೆ ಯಾರೋ ನುಗ್ಗಿದ್ದಾರೆಂದು ಒಪ್ಪಿಕೊಂಡು, ತಮ್ಮ ಜಾಲತಾಣದ ಪಾಸ್‌ವರ್ಡ್‌ಗಳನ್ನೆಲ್ಲ ರದ್ದುಮಾಡಿ, ಅದೇ ಪಾಸ್‌ವರ್ಡ್ ಬೇರೆ ಕಡೆ ಇಟ್ಟಿದ್ದರೆ ಬದಲಾಯಿಸಿಕೊಳ್ಳಿ ಎಂದು ಗ್ರಾಹಕರಿಗೆ ಹೇಳಿದರು. ಆ ಸುದ್ದಿ ಮಂಡಿಪೇಟೆಯಲ್ಲಿ ಎಷ್ಟು ಜನರಿಗೆ ತಲುಪಿತು?

ನಾನು ಕೇಳುವುದು ದೊಡ್ಡದಲ್ಲ. ಟ್ಯಾಲಿ, ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವವರು, ಸರ್ವಿಸ್ ಕೊಡುವವರು ಅಂಗಡಿಗೊಂದು ಬೇರೆ ಪಾಸ್‌ವರ್ಡ್ ಇಡಲಿ. ನಲವತ್ತನ್ನು ನೆನಪಿಡಬೇಕಿಲ್ಲ, ಅದಕ್ಕೆಂದೇ ಪಾಸ್‌ವರ್ಡ್ ಕಾಪಿಡುವ ಪ್ರೋಗ್ರಾಮ್‌ಗಳಿವೆ, ಇಲ್ಲದಿದ್ದರೆ ಬೀರುವಿನಲ್ಲಿ ಒಂದು ಪುಸ್ತಕವಾದರೂ ಇದೆ. ಇನ್ನೂ ಒಳ್ಳೆಯದೆಂದರೆ ಅವರಿಗೆ ಕಾಯಂ ಪಾಸ್‌ವರ್ಡೇ ಬೇಡ; ಫೋನ್ ಮಾಡಲಿ, ಅಂಗಡಿಯವರು ಒಪ್ಪಿಗೆ ಒತ್ತಲಿ, ಕೆಲಸ ಮುಗಿಸಿ ಹೋಗಲಿ. ಹುಡುಗ ಕೆಲಸ ಬಿಟ್ಟ ದಿನವೇ ಅವನು ನೋಡಿಕೊಳ್ಳುತ್ತಿದ್ದ ಅಂಗಡಿಗಳ ಪಾಸ್‌ವರ್ಡ್ ಬದಲಾಗಲಿ. ಮಾಲೀಕರ ಒಪ್ಪಿಗೆಯಿಲ್ಲದೆ ಕಂಪ್ಯೂಟರ್ ಹೊಕ್ಕರೆ 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಪ್ರಕಾರ ಪರಿಹಾರ ಕೊಡಬೇಕು; ದುರುದ್ದೇಶದಿಂದ ಹೊಕ್ಕರೆ 66ನೇ ಸೆಕ್ಷನ್ ಪ್ರಕಾರ ಮೂರು ವರ್ಷದವರೆಗೆ ಜೈಲು, ಇಲ್ಲವೇ ಐದು ಲಕ್ಷದವರೆಗೆ ದಂಡ, ಅಥವಾ ಎರಡೂ. ನಮ್ಮ ಹುಡುಗರಿಗೆ ಇದು ಗೊತ್ತೇ ಇಲ್ಲ, ಪಾಪ, ಅಪ್‌ಡೇಟ್ ಹಾಕಲು ಬರುತ್ತಾರೆ. ವರ್ತಕರ ಸಂಘಗಳು ವರ್ಷಕ್ಕೊಂದು ದಿನ ಇದನ್ನು ಕನ್ನಡದಲ್ಲಿ ಹೇಳಿಸಲಿ. ಕನ್ನಡದಲ್ಲಿ ಎಂದು ಒತ್ತಿ ಹೇಳುತ್ತೇನೆ, ಏಕೆಂದರೆ ಆ ಒಪ್ಪಿಗೆ ಕೇಳುವ ಚೌಕ ನಮ್ಮ ಅಂಗಡಿಗಳ ಪರದೆಯ ಮೇಲೆ ಬರುವುದು ಇಂಗ್ಲಿಷಿನಲ್ಲಿ, ಸಾಹುಕಾರರು ಒತ್ತುವುದು ಹಸಿರು ಬಣ್ಣ ನೋಡಿ.

ನಾನೀಗ ಒಂದು ನೋಟ್‌ಬುಕ್ಕಿನಲ್ಲಿ ಅಂಗಡಿಗೊಂದು ಪುಟ ಮಾಡಿದ್ದೇನೆ. ಯಾರ ಹತ್ತಿರ ಬೀಗದ ಕೈ ಇದೆ, ಯಾವ ದಿನ ಕೊಟ್ಟಿದ್ದು, ಯಾವ ದಿನ ವಾಪಸ್ ತೆಗೆದುಕೊಂಡಿದ್ದು ಎಂಬ ಮೂರು ಕಲಂ, ಕೊನೆಯಲ್ಲಿ ಮಾಲೀಕರ ಸಹಿ. ಆರು ಪುಟಗಳಿಗೆ ಸಹಿ ಬಿದ್ದಿದೆ. ಬಟ್ಟೆ ಅಂಗಡಿಯವರು ಮಾತ್ರ ಮದುವೆ ಸೀಜನ್ ಮುಗಿಯಲಿ ಸ್ವಾಮಿ, ಆಮೇಲೆ ನೋಡೋಣ ಎಂದಿದ್ದಾರೆ. ಅವರ ಕಂಪ್ಯೂಟರಿಗೆ ಇವತ್ತಿಗೂ ಅದೇ ಹಳೆಯ ಪಾಸ್‌ವರ್ಡ್. ಆ ಕಾರಣಕ್ಕಾಗಿಯೇ, ಈ ಪತ್ರ ಪ್ರಕಟಿಸುವುದಾದರೆ ನನ್ನ ಹೆಸರು ಹಾಕಬೇಡಿ. ಹೆಸರು ತಿಳಿದರೆ ಅಂಗಡಿ ಯಾವುದೆಂದು ಮಂಡಿಪೇಟೆಯಲ್ಲಿ ಅರ್ಧ ಗಂಟೆಯೊಳಗೆ ತಿಳಿಯುತ್ತದೆ.

ಇಂತಿ ತಮ್ಮ ಓದುಗ,
ಒಬ್ಬ ಲೆಕ್ಕ ಬರೆಯುವವನು, ಗುಬ್ಬಿ, ತುಮಕೂರು ಜಿಲ್ಲೆ